ಪದಚರ್ಚೆ: ಸ್ಕ್ವಾಡ್ರನ್, ಸಾರ್ಟಿ, ಮತ್ತು ಮರಳದ ವಿಮಾನಕ್ಕೊಂದು ಕ್ರಿಯಾಪದ

ಬಳಗದ ಎಲ್ಲರಿಗೂ ನಮಸ್ಕಾರ.

ಮೂರು ವಾರಗಳಿಂದ ನನ್ನ ಮೇಜಿನ ಮೇಲೆ ಒಂದು ಹಸ್ತಪ್ರತಿ ಕುಳಿತಿದೆ. ತಿದ್ದಿಕೊಡಿ ಎಂದು ತಂದಿಟ್ಟವರು ನಮ್ಮ ಬೀದಿಯ ರಾಯರು. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರ ತಂದೆಯೂ ಅಲ್ಲೇ ರಿವೆಟ್ ಹೊಡೆಯುತ್ತಿದ್ದವರು. ಎರಡನೆಯ ಮಹಾಯುದ್ಧ ಮುಗಿದಾಗ ಕಾನ್ಪುರದಲ್ಲಿ ಸಾಲುಗಟ್ಟಿ ನಿಂತಿದ್ದ ಲಿಬರೇಟರ್ ಬಾಂಬರ್‌ಗಳನ್ನು, ಇನ್ಯಾರಿಗೂ ಉಪಯೋಗಕ್ಕೆ ಬಾರದಿರಲಿ ಎಂದು ಜಖಂ ಮಾಡಿಯೇ ಬಿಟ್ಟುಹೋಗಿದ್ದರು. ಎಚ್‌ಎಎಲ್ ಕೆಲಸಗಾರರು ಅಲ್ಲಿಗೆ ಹೋಗಿ, ಒಂದರ ಭಾಗ ಕಳಚಿ ಇನ್ನೊಂದಕ್ಕೆ ಹಾಕಿ, ಬೆಂಗಳೂರಿನ ತನಕ ಹಾರಿಬರುವಷ್ಟು ಜೀವ ತುಂಬಿದರು. ಕಾರ್ಖಾನೆಯ ಪರೀಕ್ಷಾ ಪೈಲಟ್ ಜಮ್ಶೆಡ್ ಮುನ್ಷಿ ಹಾಗೆ 42 ವಿಮಾನಗಳನ್ನು ತಂದಿಳಿಸಿದರು. ಸ್ವತಂತ್ರ ಭಾರತದ ವಾಯುಪಡೆಯ 5ನೆಯ ಸ್ಕ್ವಾಡ್ರನ್ (ಹತ್ತಾರು ವಿಮಾನಗಳ ಒಂದು ಘಟಕ) 1948ರ ನವೆಂಬರಿನಲ್ಲಿ ಹುಟ್ಟಿದ್ದು ಆ ವಿಮಾನಗಳಿಂದ.

ರಾಯರು ಬರೆಯಹೊರಟದ್ದು ಇದರ ಹಿಂದಿನ ಕಥೆ. ‘ನಮ್ಮಪ್ಪ ರಿಪೇರಿ ಮಾಡಿದ ಜಾತಿಯ ವಿಮಾನಗಳಲ್ಲಿ ಮೊದಲು ಯಾರು ಕೂತಿದ್ದರು ಮೇಷ್ಟ್ರೇ, ಅದನ್ನು ಯಾರೂ ಕನ್ನಡದಲ್ಲಿ ಬರೆದಿಲ್ಲ’ ಎಂದರು. ಹಾಗಾಗಿ ಯುದ್ಧಕಾಲದಲ್ಲಿ ಲಿಬರೇಟರ್‌ಗಳೊಂದಿಗೆ ಭಾರತಕ್ಕೆ ಮೊದಮೊದಲು ಬಂದ ಬ್ರಿಟಿಷ್ ಸ್ಕ್ವಾಡ್ರನ್‌ಗಳಲ್ಲಿ ಒಂದಾದ 159ನೆಯದರ ಕಥೆಯನ್ನು ಎತ್ತಿಕೊಂಡಿದ್ದಾರೆ. ಕಥೆ ಚೆನ್ನಾಗಿದೆ. ನನ್ನ ತಕರಾರೆಲ್ಲ ಪದಗಳ ಮೇಲೆ. ಕೆಲವನ್ನು ನಾನೇ ಬಗೆಹರಿಸಿಕೊಂಡಿದ್ದೇನೆ, ತಪ್ಪಿದ್ದರೆ ಹೇಳಿ. ಕೆಲವಕ್ಕೆ ನಿಮ್ಮ ನೆರವು ಬೇಕು.

ಪೆನ್ನು ಮೊದಲ ವಾಕ್ಯದಲ್ಲೇ ನಿಂತಿತು. ‘159ನೆಯ ತುಕಡಿಯು 1942ರ ಜನವರಿ 2ರಂದು ಇಂಗ್ಲೆಂಡಿನ ಮೋಲ್ಸ್‌ವರ್ತ್‌ನಲ್ಲಿ ಸ್ಥಾಪನೆಯಾಯಿತು.’ ತುಕಡಿ ಎಂದರೆ ನನ್ನ ಕಣ್ಣಿಗೆ ಕಟ್ಟುವುದು ಮತದಾನದ ಹಿಂದಿನ ದಿನ ಊರಿನ ಶಾಲೆಯ ಜಗುಲಿಗೆ ಬಂದಿಳಿದು ಹಾಸಿಗೆ ಬಿಚ್ಚುವ ಮೀಸಲು ಪೊಲೀಸರು. ತುಕಡಾ ಎಂದರೆ ತುಂಡು. ದೊಡ್ಡದೊಂದರಿಂದ ಮುರಿದು ತೆಗೆದದ್ದು ಎಂಬ ಧ್ವನಿ ಅದರಲ್ಲಿದೆ. ಸ್ಕ್ವಾಡ್ರನ್ ಹಾಗಲ್ಲ. ಅದಕ್ಕೆ ತನ್ನದೇ ಸಂಖ್ಯೆ, ಲಾಂಛನ, ಧ್ಯೇಯವಾಕ್ಯ, ದಿನಚರಿ ಪುಸ್ತಕ ಇರುತ್ತವೆ. ಒಳಗಿನ ಜನರೆಲ್ಲ ಬದಲಾದರೂ ಅದು ಅದೇ ಆಗಿ ಉಳಿಯುತ್ತದೆ, ಮಠದ ಹಾಗೆ.

‘ದಳ’ ಎಂದರೆ? ಕಿವಿಗೆ ಹಿತ. ಅಗ್ನಿಶಾಮಕ ದಳ, ಶ್ವಾನದಳ ಎಂದೆಲ್ಲ ಬಳಸಿ ಅಭ್ಯಾಸವಿದೆ. ಬಿಲ್ವದಳವೂ ರಾಜಕೀಯದ ದಳವೂ ಅಡ್ಡಬರುವುದಿಲ್ಲ. ತೊಂದರೆ ಬೇರೆ ಕಡೆ ಇದೆ. ಇಡೀ ವಾಯುಪಡೆಯನ್ನೇ ‘ವಾಯುದಳ’ ಎನ್ನುವ ರೂಢಿ ನಮ್ಮಲ್ಲಿ ಹಳೆಯದು. ಆಗ ಸ್ಕ್ವಾಡ್ರನ್ ‘ವಾಯುದಳದ ದಳ’ವಾಗುತ್ತದೆ, ಅದರ ಮುಖ್ಯಸ್ಥನನ್ನು ದಳವಾಯಿ ಎನ್ನೋಣವೆಂದರೆ ‘ವಾಯುದಳದ ದಳವಾಯಿ’ ಎಂದು ನಾಲಗೆ ತಿರುಚಿಕೊಳ್ಳುತ್ತದೆ.

ಒಂದು ಸಂಜೆ ನಿಘಂಟುಗಳ ನಡುವೆ ಕುಳಿತು ಸ್ಕ್ವಾಡ್ರನ್ನಿನ ಬೇರು ಹುಡುಕಿದೆ. ಇಟಲಿಯ ಮಾತಿನಲ್ಲಿ ಚೌಕಾಕಾರಕ್ಕೆ ಜೋಡಿಸಿ ನಿಲ್ಲಿಸಿದ ಸೈನಿಕರ ಗುಂಪು; ಅದರ ಹಿಂದೆ ಲ್ಯಾಟಿನ್ನಿನ ನಾಲ್ಕು. ನಮ್ಮ ‘ಚೌಕ’ ಬಂದದ್ದು ಸಂಸ್ಕೃತದ ಚತುಷ್ಕದಿಂದ, ಎಂದರೆ ಅದೂ ನಾಲ್ಕರಿಂದಲೇ. ಆ ನಾಲ್ಕು, ಈ ನಾಲ್ಕು ಒಂದೇ ಮನೆತನದವು. ಚತುರಂಗ ಬಲವೂ ಸ್ಕ್ವಾಡ್ರನ್ನೂ ದೂರದ ದಾಯಾದಿಗಳು ಎಂದು ತಿಳಿದಾಗ ಚಹಾ ಆರಿಹೋಗಿತ್ತು. ಆ ಹುಮ್ಮಸ್ಸಿನಲ್ಲೇ ಅಕ್ಷೌಹಿಣಿಯ ಲೆಕ್ಕವನ್ನೂ ತೆರೆದೆ. ಪತ್ತಿ, ಸೇನಾಮುಖ, ಗುಲ್ಮ, ಗಣ, ವಾಹಿನಿ ಎಂದು ಮೂರು ಮೂರು ಪಟ್ಟು ಏರುತ್ತ ಹೋಗುವ ಪಟ್ಟಿ. ಗುಲ್ಮಕ್ಕೆ ಒಂಬತ್ತು ಆನೆ, ಒಂಬತ್ತು ರಥ, ಇಪ್ಪತ್ತೇಳು ಕುದುರೆ, ನಲವತ್ತೈದು ಕಾಲಾಳು. ಹತ್ತಾರು ಬಾಂಬರ್, ಪ್ರತಿಯೊಂದರಲ್ಲೂ ಏಳೆಂಟು ಜನ ಎಂಬ ಸ್ಕ್ವಾಡ್ರನ್ನಿಗೆ ಅಳತೆ ಹತ್ತಿರವೇ ಇದೆ. ಆದರೆ ಗುಲ್ಮ ಎಂದರೆ ಪೊದೆ. ಆಯುರ್ವೇದದವರಿಗೆ ಹೊಟ್ಟೆಯೊಳಗಿನ ಗಡ್ಡೆ. ‘159ನೆಯ ಗುಲ್ಮ’ ಎಂದು ಅಚ್ಚಾದರೆ ಆಸ್ಪತ್ರೆಯ ಹಾಸಿಗೆ ಸಂಖ್ಯೆ ಎಂದುಕೊಂಡಾರು. ಕೈಬಿಟ್ಟೆ.

ಈಗಿನ ನನ್ನ ತೀರ್ಮಾನ: ಹೆಸರಿನ ಭಾಗವಾಗಿ ಬಂದಾಗ ‘159ನೆಯ ಸ್ಕ್ವಾಡ್ರನ್’, ಮುಂದಿನ ವಾಕ್ಯಗಳಲ್ಲಿ ಅದನ್ನೇ ತಿರುಗಿ ಹೇಳುವಾಗ ‘ದಳ’. ಬ್ಯಾಂಕ್, ಕೋರ್ಟುಗಳನ್ನು ಒಪ್ಪಿಕೊಂಡ ಭಾಷೆಗೆ ಒಂದು ಸ್ಕ್ವಾಡ್ರನ್ ಭಾರವಾಗದು.

ಹುದ್ದೆಗಳ ವಿಷಯಕ್ಕೆ ಬಂದರೆ ಇನ್ನೂ ತಮಾಷೆ. ಸ್ಕ್ವಾಡ್ರನ್ ಲೀಡರ್ ಎಂದರೆ ಸ್ಕ್ವಾಡ್ರನ್ನಿನ ನಾಯಕ ಎಂದು ರಾಯರು ಸಹಜವಾಗಿ ನಂಬಿ ‘ದಳನಾಯಕ’ ಎಂದು ಬರೆದಿದ್ದಾರೆ. ಆದರೆ ಬಾಂಬರ್ ಸ್ಕ್ವಾಡ್ರನ್ನನ್ನು ನಡೆಸುತ್ತಿದ್ದವನು ವಿಂಗ್ ಕಮಾಂಡರ್. ಸ್ಕ್ವಾಡ್ರನ್ ಲೀಡರನ ಕೈಕೆಳಗೆ ಇರುತ್ತಿದ್ದದ್ದು ಅದರೊಳಗಿನ ಒಂದು ‘ಫ್ಲೈಟ್’. ಹಾಗಾದರೆ ಹಲವು ಸ್ಕ್ವಾಡ್ರನ್‌ಗಳು ಸೇರಿದ ವಿಂಗನ್ನು ನಡೆಸುವವನು? ಅವನು ಗ್ರೂಪ್ ಕ್ಯಾಪ್ಟನ್. ಗ್ರೂಪಿಗೆ ಇನ್ನೂ ಮೇಲಿನವನು. ಒಬ್ಬೊಬ್ಬರ ಹೆಸರೂ ಅವರು ನಡೆಸದ ಘಟಕದ್ದು! ಶಾನುಭೋಗ, ಪಟೇಲ, ದೇಸಾಯಿ ಎಂಬ ಹುದ್ದೆಗಳು ಮನೆತನದ ಹೆಸರಾಗಿ ಉಳಿದು, ಆ ಮನೆಯವರು ಬೇರೇನೋ ಕೆಲಸ ಮಾಡುವ ಹಾಗೆ. ಇಲ್ಲಿ ಅನುವಾದಕ್ಕೆ ಕೈಹಾಕಿದವನು ಕೆಟ್ಟ. ರಾಯರು ಕೈಹಾಕಿದ್ದಾರೆ. ವಿಂಗ್ ಎಂದರೆ ರೆಕ್ಕೆ, ರೆಕ್ಕೆ ಎಂದರೆ ಪಕ್ಷ ಎಂದು ಹೆಜ್ಜೆ ಹಾಕಿ, 1944ರಲ್ಲಿ ದಳವನ್ನು ನಡೆಸಿದ ವಿಂಗ್ ಕಮಾಂಡರ್ ಜೇಮ್ಸ್ ಬ್ಲ್ಯಾಕ್‌ಬರ್ನ್ ಅವರನ್ನು ‘ಪಕ್ಷಾಧಿಪತಿ ಬ್ಲ್ಯಾಕ್‌ಬರ್ನ್’ ಎಂದು ಕರೆದಿದ್ದಾರೆ. ಟಿಕೆಟ್ ಹಂಚುವವರ ಹಾಗೆ ಕೇಳಿಸುತ್ತದೆ ಎಂದಾಗ ರಾಯರು ನಕ್ಕರು, ಆದರೆ ಹೊಡೆದುಹಾಕಲು ಒಪ್ಪಲು ಎರಡು ದಿನ ತೆಗೆದುಕೊಂಡರು.

ಇನ್ನು ‘ಭಾರೀ ಬಾಂಬರ್’. ಭಾರೀ ಎಂಬುದು ಎಂದೋ ತನ್ನ ತೂಕ ಕಳೆದುಕೊಂಡಿದೆ. ಭಾರೀ ಮಳೆ, ಭಾರೀ ಬೆಂಬಲ, ಭಾರೀ ಚೆನ್ನಾಗಿದೆ. ‘ಭಾರೀ ಬಾಂಬರ್ ಸ್ಕ್ವಾಡ್ರನ್’ ಎಂದು ಓದಿದರೆ ಬರೆದವರು ಮೆಚ್ಚಿ ತಲೆದೂಗಿದಂತೆ ಕಾಣುತ್ತದೆ. ಹೆದ್ದಾರಿ, ಹೆಬ್ಬಾಗಿಲು, ಹೆಬ್ಬಂಡೆಗಳ ದಾರಿಯಲ್ಲಿ ‘ಹೆಬ್ಬಾಂಬರ್’ ಎಂದು ನನ್ನ ಮಗಳು ಸೂಚಿಸಿದಳು. ವ್ಯಾಕರಣಕ್ಕೆ ಸರಿ, ಗಂಭೀರ ಪುಟದಲ್ಲಿ ನಿಲ್ಲುವುದೇ, ತಿಳಿಯದು. ಭಾರ ಯಾವುದರದು ಎಂಬುದನ್ನು ಮೊದಲು ಇತ್ಯರ್ಥ ಮಾಡಬೇಕು. ಲಿಬರೇಟರ್ ದೊಡ್ಡದೇ: ನಾಲ್ಕು ಎಂಜಿನ್, ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 33.5 ಮೀಟರ್. ಆದರೆ ಈ ವರ್ಗೀಕರಣದ ಹಿಂದಿರುವ ಪ್ರಶ್ನೆ ಎಷ್ಟು ಹೊರೆಯನ್ನು ಎಷ್ಟು ದೂರ ಹೊತ್ತೊಯ್ಯಬಲ್ಲದು ಎಂಬುದು. ಅಲ್ಲಿ ಹೊರೆ ಎಂದರೆ ಬಾಂಬು ಮಾತ್ರವಲ್ಲ, ಪೆಟ್ರೋಲು ಕೂಡ. ಒಂದು ಹೆಚ್ಚಿದರೆ ಇನ್ನೊಂದು ಇಳಿಯಬೇಕು. ಎತ್ತಿನ ಗಾಡಿಯವನು ದೂರದ ಸಂತೆಗೆ ಹೊರಟರೆ ಎತ್ತಿನ ಮೇವನ್ನೂ ಹೇರಿನ ಲೆಕ್ಕಕ್ಕೇ ಹಿಡಿಯುವ ಹಾಗೆ. ಬಂಗಾಳದಿಂದ 1,100 ಮೈಲಿ ಆಚೆಗಿನ ಗುರಿಗೆ 3,000 ಪೌಂಡ್ ಬಾಂಬು ಹೊತ್ತರೆ ಅದೇ ಹೆಚ್ಚು ಎಂದು ಎಲ್ಲರೂ ನಂಬಿಕೊಂಡಿದ್ದಾಗ, ಬ್ಲ್ಯಾಕ್‌ಬರ್ನ್ ಪೆಟ್ರೋಲಿನ ಖರ್ಚನ್ನು ಹಾರಿ ಹಾರಿ ಅಳೆದು, ಅದೇ ದೂರಕ್ಕೆ 8,000 ಪೌಂಡ್ ಒಯ್ಯಬಹುದು ಎಂದು ತೋರಿಸಿಕೊಟ್ಟರು. ಈ ಪುಟ ರಾಯರ ಪುಸ್ತಕದಲ್ಲೇ ಸೊಗಸಾದದ್ದು. ಕಾರ್ಖಾನೆಯ ಮನುಷ್ಯ ಬರೆದದ್ದೆಂದು ಪ್ರತಿ ಸಾಲಿನಲ್ಲೂ ತಿಳಿಯುತ್ತದೆ. ಇದನ್ನು ಓದಿದ ಮೇಲೆ ನನಗೆ ‘ಹೇರು’ ಎಂಬ ಪದ ಹಿಡಿಸಿತು. ‘ದೊಡ್ಡ ಹೇರಿನ ಬಾಂಬರ್’. ಹೇಗಿದೆ?

ಈಗ ನನ್ನನ್ನು ನಗಿಸಿದ ಭಾಗ. ರಾಯರ ಮೊಮ್ಮಗ ಕಂಪ್ಯೂಟರಿನಲ್ಲಿ ಅನುವಾದ ಮಾಡಿಸಿಕೊಟ್ಟ ಎರಡು ಅಧ್ಯಾಯಗಳು ನಡುವೆ ಸೇರಿಕೊಂಡಿವೆ. ಅದರಲ್ಲಿ ಹೀಗಿದೆ: ‘1944ರ ಅಕ್ಟೋಬರ್ 27ರಂದು ಸ್ಕ್ವಾಡ್ರನ್ ಪೆನಾಂಗ್ ಬಂದರಿನಲ್ಲಿ ಯಶಸ್ವಿಯಾಗಿ ಗಣಿಗಾರಿಕೆ ನಡೆಸಿತು.’ ಬಳ್ಳಾರಿಯ ಸುದ್ದಿ ಓದಿ ಬೆಳೆದವರು ಗಾಬರಿಯಾಗುತ್ತಾರೆ. ಇಂಗ್ಲಿಷಿನಲ್ಲಿ ಗಣಿಯೂ ಮೈನ್, ಹಡಗಿಗೆ ಒಡ್ಡುವ ಸ್ಫೋಟಕವೂ ಮೈನ್. ಅಂದು ನಡೆದದ್ದು ನೀರಿನಡಿಗೆ ಆ ಎರಡನೆಯ ಬಗೆಯ ಮೈನ್‌ಗಳನ್ನು ಇಳಿಬಿಟ್ಟು ಜಪಾನೀಯರ ಹಡಗುಗಳಿಗೆ ಬಂದರಿನ ಬಾಯಿ ಮುಚ್ಚುವ ಕೆಲಸ. ಹದಿನೈದು ಲಿಬರೇಟರ್‌ಗಳು ಬಂಗಾಳದ ಮಿಡ್ನಾಪುರ ಜಿಲ್ಲೆಯ ಡಿಗ್ರಿಯಿಂದ ಮಲಯಾದ ಪೆನಾಂಗ್‌ಗೆ ಹೋಗಿಬಂದವು. ಒಟ್ಟು 3,000 ಮೈಲಿಗೂ ಹೆಚ್ಚು ದಾರಿ: ಬೆಂಗಳೂರಿನಿಂದ ದೆಹಲಿಗೆ ಹೋಗಿ, ಬಂದು, ಮತ್ತೆ ಮುಕ್ಕಾಲು ದಾರಿ ಹೋದಷ್ಟು. ನಡುವೆ ಇಳಿಯಲು ನೆಲವಿಲ್ಲ.

ನೆಲದ ಮೈನಿಗೆ ಪತ್ರಿಕೆಗಳು ‘ನೆಲಬಾಂಬ್’ ಎಂಬ ಒಳ್ಳೆಯ ಪದ ಕೊಟ್ಟಿವೆ. ನೀರಿನದಕ್ಕೆ? ಜಲಸ್ಫೋಟಕ ಎಂದರೆ ನೀರೇ ಸಿಡಿಯಿತೇನೋ ಎನ್ನಿಸುತ್ತದೆ. ‘ನೀರುಬಾಂಬ್’ ಎಂದರೆ ಹೋಳಿಯಲ್ಲಿ ಮಕ್ಕಳು ಎಸೆಯುವ ಬಲೂನು. ‘ಕಡಲಬಾಂಬ್’ ಎಂದು ತಾತ್ಕಾಲಿಕವಾಗಿ ಬರೆದಿಟ್ಟಿದ್ದೇನೆ. ನಾಮಪದಕ್ಕಿಂತ ಕ್ರಿಯಾಪದ ಸುಲಭವಾಗಿ ಸಿಕ್ಕಿತು, ಅದೂ ಆ ವಾಯುಪಡೆಯವರ ಪೋಲಿ ಮಾತಿನಿಂದಲೇ. ಯುರೋಪಿನಲ್ಲಿ ಹಾರುತ್ತಿದ್ದ ಬ್ರಿಟಿಷ್ ಬಾಂಬರ್‌ಗಳವರು ಈ ಕೆಲಸವನ್ನು ತೋಟಗಾರಿಕೆ ಎನ್ನುತ್ತಿದ್ದರು, ಮೈನ್‌ಗಳಿಗೆ ತರಕಾರಿ ಎನ್ನುತ್ತಿದ್ದರು, ಕಡಲ ಪ್ರದೇಶಗಳಿಗೆ ಹೆಚ್ಚಾಗಿ ಗಿಡಗಳ ಹೆಸರು. ನಮ್ಮಲ್ಲಿ ನೀರು ನಿಂತ ಗದ್ದೆಯಲ್ಲಿ ಬಗ್ಗಿ, ಅಳತೆಯ ಅಂತರಕ್ಕೆ ಒಂದೊಂದಾಗಿ ಸಸಿ ಊರುತ್ತ ಹೋಗುವುದಕ್ಕೆ ಏನೆನ್ನುತ್ತೇವೆ? ನಾಟಿ. ‘ಪೆನಾಂಗ್ ಬಂದರಿನಲ್ಲಿ ಕಡಲಬಾಂಬ್ ನಾಟಿ.’ ತಗ್ಗಿನಲ್ಲಿ, ಒಂದೇ ವೇಗದಲ್ಲಿ, ನೇರವಾಗಿ ಹಾರುತ್ತ ಅಂತರ ನೋಡಿ ಬೀಳಿಸಬೇಕಿದ್ದ ಆ ಕೆಲಸಕ್ಕೆ ಇದಕ್ಕಿಂತ ಹೊಂದುವ ಪದ ನನಗಂತೂ ಹೊಳೆಯದು. ಭತ್ತಕ್ಕೆ ಅವಮಾನ ಎಂದು ಯಾರಾದರೂ ಹೇಳಿದರೆ ಕೇಳಿಸಿಕೊಳ್ಳುತ್ತೇನೆ.

ಅದೇ ದಿನದ ಬಗ್ಗೆ ರಾಯರ ಕೈಬರಹದಲ್ಲಿ ಇನ್ನೊಂದು ಸಾಲು: ‘ಅಂದು ಪೆನಾಂಗ್ ಮೇಲೆ ಹದಿನೈದು ದಾಳಿಗಳು ನಡೆದವು.’ ನಡೆದದ್ದು ಒಂದೇ ದಾಳಿ, ಹದಿನೈದಿದ್ದದ್ದು ಸಾರ್ಟಿಗಳು. ಒಂದು ವಿಮಾನ ಒಮ್ಮೆ ಕೆಲಸಕ್ಕೆಂದು ಏರಿದರೆ ಒಂದು ಸಾರ್ಟಿ. ಇವೆರಡನ್ನೂ ‘ದಾಳಿ’ ಎಂದರೆ ಯುದ್ಧದ ಲೆಕ್ಕವೇ ಹತ್ತು ಪಟ್ಟು ಉಬ್ಬುತ್ತದೆ. ನಮ್ಮ ಪತ್ರಿಕೆಗಳಲ್ಲೂ ಈ ತಪ್ಪು ಅಪರೂಪವಲ್ಲ. ‘ಹಾರಾಟ’ ಎಂದರೆ ಅಭ್ಯಾಸದ ಹಾರಾಟವೂ ಸೇರಿಬಿಡುತ್ತದೆ, ಜೊತೆಗೆ ಹಾರಾಟಕ್ಕೆ ಹೋರಾಟದ ತಮ್ಮ, ಚೀರಾಟದ ಅಣ್ಣ ಎಂಬ ಅಪಖ್ಯಾತಿಯೂ ಇದೆ. ಸಾರ್ಟಿಯ ಮೂಲ ಫ್ರೆಂಚರದು, ಹೊರಬೀಳುವುದು ಎಂಬರ್ಥ. ಕೋಟೆಗೆ ಮುತ್ತಿಗೆ ಹಾಕಿದಾಗ ಒಳಗಿನವರು ಬಾಗಿಲು ತೆರೆದು ಹಠಾತ್ತನೆ ಹೊರಬಿದ್ದು ಎರಗಿ ಬರುತ್ತಿದ್ದರಲ್ಲ, ಅದು. ನಮ್ಮ ‘ಹೊರಡು’ ಹಳಗನ್ನಡದಲ್ಲಿ ‘ಪೊಱಮಡು’ವಿನ ಬಳಗದ್ದು, ಅದರಲ್ಲೂ ‘ಹೊರಗೆ’ ಇದೆ. ‘ಹೊರಡಿಕೆ’ ಎಂದರೆ? ಹದಿನೈದು ಹೊರಡಿಕೆಗಳ ಒಂದು ದಾಳಿ. ಸಾರ್ಟಿಯನ್ನು ಎಣಿಸುವುದು ವಿಮಾನ ಏರಿತು ಎಂಬ ಆಧಾರದ ಮೇಲೆ, ತಿರುಗಿ ಬಂತೇ ಎಂಬುದು ಆ ಎಣಿಕೆಗೆ ಬೇಡ. ಹೊರಡಿಕೆ ಎಂಬ ಮಾತಿನಲ್ಲೂ ಬರುವುದರ ಭರವಸೆ ಇಲ್ಲ. ಅದಕ್ಕೇ ಅದು ಸರಿ ಎನ್ನಿಸಿತು.

ವಿಮಾನದ ಒಳಗಿದ್ದವರನ್ನು ಒಟ್ಟಾಗಿ ಏನೆನ್ನಬೇಕು? ಪೈಲಟ್, ಜೊತೆ ಪೈಲಟ್, ದಾರಿ ಲೆಕ್ಕ ಹಾಕುವವನು, ಬಾಂಬಿಗೆ ಗುರಿ ಹಿಡಿಯುವವನು, ವೈರ್‌ಲೆಸ್‌ನವನು, ಬಂದೂಕಿನ ಗೂಡುಗಳಲ್ಲಿ ಕೂರುವವರು. ಎಲ್ಲರಿಗೂ ಸೇರಿಸಿ ‘ಸಿಬ್ಬಂದಿ’ ಎನ್ನುತ್ತೇವೆ. ಸಿಬ್ಬಂದಿ ಎಂದ ಕೂಡಲೇ ಹಾಜರಿ ಪುಸ್ತಕ, ಊಟದ ವಿರಾಮ, ‘ಸಿಬ್ಬಂದಿ ಕೊರತೆಯಿಂದ’ ಎಂಬ ಫಲಕ. ಆದರೆ ಇತಿಹಾಸ ನೋಡಿದರೆ ಇದು ಪಕ್ಕಾ ದಂಡಿನ ಪದ! ಕಂಪನಿ ಕಾಲದಲ್ಲಿ ಸಿಬಂದಿ ಎಂದರೆ ಕಂದಾಯ ವಸೂಲಿಗೆ, ಪಹರೆಗೆ ಇಟ್ಟುಕೊಂಡ ಬಿಡಿ ಸಿಪಾಯಿಗಳ ಪಡೆ. ಕತ್ತಿ ಕೆಳಗಿಟ್ಟು ಕಡತ ಹಿಡಿದದ್ದು ಆಮೇಲೆ. ಈಗ ಅದನ್ನು ಮತ್ತೆ ವಿಮಾನ ಹತ್ತಿಸಬಹುದೇ? ಗುರಿ ಹಿಡಿಯುವವನಿಗೆ ‘ಗುರಿಕಾರ’ ಸರಿಯಾಗಿದೆ, ದಕ್ಷಿಣ ಕನ್ನಡದವರಿಗೆ ಊರ ಹಿರಿಯ ನೆನಪಾದರೂ. ಒಟ್ಟು ಗುಂಪಿಗೆ ಮಾತ್ರ ನನಗೆ ಪದ ಸಿಕ್ಕಿಲ್ಲ. ಕರಾವಳಿಯ ಸದಸ್ಯರು ಇಲ್ಲಿ ನೆರವಾಗಬೇಕು. ದೋಣಿಯ ಮುಂದಾಳಿಗೆ ತಾಂಡೇಲ ಎನ್ನುತ್ತೀರಿ. ತಾಂಡೇಲನೂ ಸೇರಿ ದೋಣಿಯ ಅಷ್ಟೂ ಜನಕ್ಕೆ, ಒಂದೇ ಗಾಳಿಗೆ ಸಿಕ್ಕು ಒಟ್ಟಿಗೆ ಉಳಿಯುವ ಇಲ್ಲವೇ ಮುಳುಗುವ ಆ ಗುಂಪಿಗೆ, ಮಲ್ಪೆಯಲ್ಲೋ ಕಾರವಾರದಲ್ಲೋ ಒಂದೇ ಮಾತು ಇದೆಯೇ?

ಲಿಬರೇಟರ್ ಎಂಬ ಹೆಸರನ್ನು ರಾಯರು ಅನುವಾದಿಸಿಲ್ಲ, ಪುಣ್ಯ. ‘ವಿಮೋಚಕ’ ಎಂದಿದ್ದರೆ ಜಗಳವಾಗುತ್ತಿತ್ತು. ಯಾರ ವಿಮೋಚನೆ? ದಳ ಮೊದಲು ಪ್ಯಾಲೆಸ್ಟೈನ್, ಈಜಿಪ್ಟುಗಳಿಂದ ಹಾರಿ ಲಿಬಿಯಾದ ತೋಬ್ರುಕ್, ಬೆಂಗಾಜಿ ಬಂದರುಗಳ ಮೇಲೆ ಬಾಂಬು ಹಾಕಿ, 1942ರ ಕೊನೆಯ ತಿಂಗಳುಗಳಲ್ಲಿ ಮಿಡ್ನಾಪುರದ ಸಾಲ್ಬನಿಗೆ ಬಂತು. (ಮೈಸೂರಿನ ನೋಟು ಮುದ್ರಣಾಲಯದ ಜೊತೆಗಾರ ಮುದ್ರಣಾಲಯ ಇರುವ ಸಾಲ್ಬನಿ ಅದೇ.) ಆ ವರ್ಷ ಅಕ್ಟೋಬರ್ 16ರಂದು ಅದೇ ಜಿಲ್ಲೆಯ ಕರಾವಳಿಗೆ ಚಂಡಮಾರುತ ಅಪ್ಪಳಿಸಿ ಸಾವಿರಾರು ಜನ ಸತ್ತಿದ್ದರು. ಡಿಸೆಂಬರಿನಲ್ಲಿ ತಮಲುಕ್‌ನಲ್ಲಿ ಬ್ರಿಟಿಷರನ್ನು ಲೆಕ್ಕಕ್ಕಿಡದ ಪರ್ಯಾಯ ಸರ್ಕಾರ ನಿಂತಿತ್ತು. ಮುಂದಿನ ವರ್ಷ ಬಂಗಾಳದ ಕ್ಷಾಮ. ಹಸಿದ ಹಳ್ಳಿಗಳ ತಲೆಯ ಮೇಲಿಂದಲೇ ಈ ವಿಮಾನಗಳು ಹೊಟ್ಟೆ ತುಂಬ ಹೇರು ಹೊತ್ತು ರಂಗೂನಿನ ಕಡೆ, ಬ್ಯಾಂಕಾಕಿನ ಕಡೆ ತಿರುಗುತ್ತಿದ್ದವು.

ಅದಕ್ಕೇ ಹಸ್ತಪ್ರತಿಯ ಉದ್ದಕ್ಕೂ ಬರುವ ‘ನಮ್ಮ ವಿಮಾನಗಳು’, ‘ಶತ್ರು’ ಎಂಬ ಎರಡು ಮಾತುಗಳ ಮೇಲೆ ಕೆಂಪು ಗೆರೆ ಎಳೆದಿದ್ದೇನೆ. ಇಂಗ್ಲಿಷ್ ಮೂಲಗಳಲ್ಲಿ ಅವು ಸಹಜ. ಬರೆದವರಿಗೆ ಅವು ಅವರವು. ಕನ್ನಡದಲ್ಲಿ ‘ನಮ್ಮ’ ಎಂದ ಕೂಡಲೇ ನಾನೂ ನೀವೂ ಒಳಗೆ ಸೇರುತ್ತೇವೆ. 1944ರಲ್ಲಿ ರಂಗೂನಿನಲ್ಲಿ ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಸರ್ಕಾರವೂ ಇತ್ತು. ಆ ಬಾಂಬುಗಳ ಕೆಳಗೆ ಯಾರು ಯಾರು ಇದ್ದರು ಎಂದು ಯೋಚಿಸಿದರೆ ‘ಶತ್ರು’ ಬರೆಯಲು ಕೈ ಬಾರದು. ಬರ್ಮಾ–ಸಿಯಾಮ್ (ಈಗಿನ ಥಾಯ್ಲೆಂಡ್) ರೈಲುಮಾರ್ಗವನ್ನೇ ನೋಡಿ: 415 ಕಿಲೋಮೀಟರ್, ಯುದ್ಧಕೈದಿಗಳಿಂದಲೂ ಏಷ್ಯಾದ ಕೂಲಿಗಳಿಂದಲೂ ಜಪಾನೀಯರು ಕಟ್ಟಿಸಿದ್ದು. ಲಿಬರೇಟರ್ ದಳಗಳು ಅದರ ಸೇತುವೆಗಳನ್ನು ಮತ್ತೆ ಮತ್ತೆ ಒಡೆದವು. ಹಳಿಯ ಪಕ್ಕದ ಶಿಬಿರಗಳಲ್ಲಿ ಬ್ರಿಟಿಷ್ ಕೈದಿಗಳೂ ಬ್ರಿಟಿಷ್ ಬಾಂಬಿಗೆ ಸತ್ತರು. ‘ದಳದ ವಿಮಾನಗಳು’, ‘ಜಪಾನೀಯರು’ ಎಂದು ಹೆಸರು ಹಿಡಿದೇ ಬರೆಯೋಣ ಎಂದೆ. ರಾಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮಪ್ಪ ರಿವೆಟ್ ಹೊಡೆದ ಮೇಲೆ ಅವು ನಮ್ಮವೇ ಆದವಲ್ಲ ಮೇಷ್ಟ್ರೇ’ ಎಂದರು. 1948ರ ನಂತರದ ಅಧ್ಯಾಯದಲ್ಲಿ ಎಷ್ಟು ಬೇಕಾದರೂ ‘ನಮ್ಮ’ ಹಾಕಿಕೊಳ್ಳಿ ಎಂದು ರಾಜಿಯಾಗಿದ್ದೇವೆ.

ಧ್ಯೇಯವಾಕ್ಯ ಒಂದು ಬಾಕಿ. ಲ್ಯಾಟಿನ್ನಿನಲ್ಲಿ ‘ಕ್ವೊ ನಾನ್, ಕ್ವಾಂಡೊ ನಾನ್’. ಎಲ್ಲಿಗೆ ಇಲ್ಲ, ಯಾವಾಗ ಇಲ್ಲ ಎಂಬ ಎರಡು ಪ್ರಶ್ನೆ. ಎಲ್ಲಿಗಾದರೂ ಸೈ, ಯಾವಾಗಾದರೂ ಸೈ ಎಂಬ ಉತ್ತರ ಅದರೊಳಗೇ ಇದೆ. ‘ಎಲ್ಲಿಗಾಗದು? ಎಂದಾಗದು?’ ಎಂದು ಬರೆದಿದ್ದೇನೆ. ಇನ್ನೂ ಬಿಗಿಯಾದದ್ದು ಇದ್ದರೆ ಕಳಿಸಿ.

ಈಗ ನಿಜವಾಗಿ ಕೇಳಬೇಕಾದ್ದು. ಮೇಲಿನದೆಲ್ಲ ಇದರ ಮುಂದೆ ಹರಟೆ.

ಸ್ಕ್ವಾಡ್ರನ್ನಿನ ದಿನಚರಿ ಪುಸ್ತಕಗಳ ನಕಲು ಹಾಳೆಗಳನ್ನು ರಾಯರು ನನಗೂ ತೋರಿಸಿದರು. ಪ್ರತಿ ಹೊರಡಿಕೆಗೂ ಒಂದು ಸಾಲು: ವಿಮಾನದ ಸಂಖ್ಯೆ, ಒಳಗಿದ್ದವರ ಹೆಸರುಗಳು, ಏರಿದ ಹೊತ್ತು, ಇಳಿದ ಹೊತ್ತು, ನಡೆದದ್ದರ ವಿವರ. ಬೆರಳಚ್ಚು ಯಂತ್ರದ ಮಸುಕು ಅಕ್ಷರ, ಎಲ್ಲ ಗುಮಾಸ್ತನ ತಣ್ಣನೆಯ ಭಾಷೆ. ಕೆಲವು ಸಾಲುಗಳಲ್ಲಿ ಏರಿದ ಹೊತ್ತು ಇದೆ, ಇಳಿದ ಹೊತ್ತಿನ ಜಾಗ ಖಾಲಿ. ವಿವರದ ಅಂಕಣದಲ್ಲಿ, ಏರಿದ ಮೇಲೆ ಈ ವಿಮಾನದಿಂದ ಏನೂ ಕೇಳಿಬರಲಿಲ್ಲ ಎಂಬಷ್ಟೇ ಮಾತು. ಇದಕ್ಕೆ ವಾಯುಪಡೆಯವರು ರೂಢಿಸಿಕೊಂಡ ನುಡಿಗಟ್ಟನ್ನು ಪದಕ್ಕೆ ಪದ ಇಟ್ಟರೆ ‘ಮರಳಲು ವಿಫಲವಾಯಿತು’ ಎಂದಾಗುತ್ತದೆ. ಮೊಮ್ಮಗನ ಕಂಪ್ಯೂಟರು ಹಾಗೇ ಮಾಡಿದೆ. ವಿಫಲ ಎಂದರೆ ಪರೀಕ್ಷೆಯಲ್ಲಿ ಫೇಲಾದ ಹಾಗೆ. ಸತ್ತವರ ಮೇಲೆ ತಪ್ಪು ಹೊರಿಸಿದಂತಾಗುತ್ತದೆ.

‘ನಾಪತ್ತೆ’ ಎಂದು ರಾಯರು ಬರೆದಿದ್ದರು. 2016ರ ಜುಲೈನಲ್ಲಿ ಚೆನ್ನೈನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ನಮ್ಮ ವಾಯುಪಡೆಯ ಎಎನ್–32 ವಿಮಾನ 29 ಜನರೊಂದಿಗೆ ಇದೇ ಬಂಗಾಳ ಕೊಲ್ಲಿಯ ಮೇಲೆ ಇಲ್ಲವಾದಾಗಲೂ ನಾವೆಲ್ಲ ಓದಿದ್ದು ಆ ಪದವನ್ನೇ. ಅವಶೇಷ ಕಂಡದ್ದು 2024ರಲ್ಲಿ. ಪತ್ತೆ ಇಲ್ಲ ಎಂಬ ನೇರ ಅರ್ಥವೇನೋ ಸರಿ. ಆದರೆ ಸಾಲ ಮಾಡಿ ಊರು ಬಿಟ್ಟವನೂ ನಾಪತ್ತೆಯೇ, ವಾರಂಟಿಗೆ ತಪ್ಪಿಸಿಕೊಂಡವನೂ ನಾಪತ್ತೆಯೇ. ‘ಕಾಣೆಯಾಗಿದ್ದಾರೆ’ ಎಂದರೆ ಪೊಲೀಸ್ ಠಾಣೆಯ ಪ್ರಕಟಣೆ, ಗೋಧಿ ಬಣ್ಣ, ಕೋಲು ಮುಖ. ‘ಕಣ್ಮರೆ’ ಎಂದರೆ ತೀರಿಹೋದರು ಎಂದೇ ಅರ್ಥವಾಗಿಬಿಟ್ಟಿದೆ. ಇಲ್ಲಿ ಬೇಕಾದದ್ದು ಸತ್ತರೋ ಬದುಕಿದ್ದಾರೋ ಎಂಬುದನ್ನು ತೆರೆದಿಟ್ಟ ಮಾತು. ಏಕೆಂದರೆ ಕೆಲವರು ಬದುಕಿದ್ದರು.

ಸ್ಟ್ಯಾನ್ಲಿ ಜೇಮ್ಸ್ ವುಡ್‌ಬ್ರಿಜ್ ಅವರಲ್ಲಿ ಒಬ್ಬ. 159ರ ಲಿಬರೇಟರ್ ಒಂದರ ವೈರ್‌ಲೆಸ್‌ನವನು, ವಯಸ್ಸು ಇಪ್ಪತ್ತರ ಆಸುಪಾಸು. 1945ರ ಜನವರಿ 31ರಂದು ಅವನ ವಿಮಾನ ಬರ್ಮಾದ ಕಾಡಿನಲ್ಲಿ ಬಿತ್ತು. ಅವನೂ ಸೇರಿ ಬದುಕಿ ಉಳಿದವರು ಜಪಾನೀಯರಿಗೆ ಸೆರೆಸಿಕ್ಕರು. ಸಂಕೇತಗಳು, ವೈರ್‌ಲೆಸ್ ಉಪಕರಣ, ತರಂಗಾಂತರ ಇವನಿಗೆ ಗೊತ್ತಿರಲೇಬೇಕು ಎಂದು ಅವನನ್ನೇ ಹೆಚ್ಚು ಹಿಂಸಿಸಿದರು. ಅವನು ಬಾಯಿ ಬಿಡಲಿಲ್ಲ. ಫೆಬ್ರವರಿ 7ರಂದು ಅವನನ್ನೂ ಜೊತೆಯ ಮೂವರನ್ನೂ ಕೊಂದರು. 1948ರ ಸೆಪ್ಟೆಂಬರಿನಲ್ಲಿ, ಕಾನ್ಪುರದ ಲಿಬರೇಟರ್‌ಗಳಿಗೆ ಎಚ್‌ಎಎಲ್‌ನವರು ಜೀವ ಕೊಡುತ್ತಿದ್ದ ಅದೇ ವರ್ಷ, ಅವನಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಪದಕ ಘೋಷಣೆಯಾಯಿತು. ಜನವರಿ 31ಕ್ಕೂ ಫೆಬ್ರವರಿ 7ಕ್ಕೂ ನಡುವಿನ ಆ ಏಳು ದಿನ, ಡಿಗ್ರಿಯಲ್ಲಿ ಕುಳಿತು ಸಾಲು ತುಂಬುವ ಗುಮಾಸ್ತನ ಪಾಲಿಗೆ ಅವನು ಯಾವ ಕ್ರಿಯಾಪದದಲ್ಲಿದ್ದ?

ನನಗೆ ಹೊಳೆದದ್ದು ಒಂದು. ಕನ್ನಡದಲ್ಲಿ ‘ಬರಲಿಲ್ಲ’ ಎನ್ನಬಹುದು. ಅದು ಬರೀ ವರದಿ, ಇಂದು ಬಸ್ಸು ಬರಲಿಲ್ಲ ಎಂದಂತೆ, ನಾಳೆ ಬಂದೀತು. ‘ಬಾರದೆ ಹೋಯಿತು’ ಎಂದೂ ಹೇಳುತ್ತೇವೆ. ಮಳೆ ಬಾರದೆ ಹೋಯಿತು, ಕಾಗದ ಬಾರದೆ ಹೋಯಿತು. ಇಲ್ಲಿ ‘ಹೋಗು’ ಬರೀ ಸಹಾಯಕ ಕ್ರಿಯಾಪದ, ಯಾರೂ ಎಲ್ಲಿಗೂ ಹೋಗುವುದಿಲ್ಲ ಎಂದು ತರಗತಿಯಲ್ಲಿ ಎಷ್ಟೋ ವರ್ಷ ನಾನೇ ಪಾಠ ಮಾಡಿದ್ದೇನೆ. ಆದರೆ ವಿಮಾನದ ವಿಷಯದಲ್ಲಿ ಆ ‘ಹೋಗು’ ತನ್ನ ಹಳೆಯ ಅರ್ಥಕ್ಕೆ ತಿರುಗಿಬಿಡುತ್ತದೆ. ಹೋಗಿದ್ದು ಬಾರದೆಯೇ ಹೋಯಿತು. ಕಾದವರ ನಿರಾಶೆ ಅದರಲ್ಲಿದೆ, ಸತ್ತರು ಎಂಬ ತೀರ್ಪಿಲ್ಲ, ಹೋದವರ ತಪ್ಪೂ ಇಲ್ಲ.

‘ಏರಿದ ಹೊತ್ತು’ ತುಂಬಿ, ‘ಇಳಿದ ಹೊತ್ತು’ ಖಾಲಿ ಇರುವ ಪ್ರತಿ ಸಾಲಿಗೂ ವಿವರದಲ್ಲಿ ‘ಬಾರದೆ ಹೋಯಿತು’ ಎಂದು ಹಾಕೋಣವೇ ಎಂದು ರಾಯರನ್ನು ಕೇಳಿದೆ. ಕಾಗದ ನೋಡುತ್ತ ಕುಳಿತಿದ್ದವರು ತಲೆಯಾಡಿಸಿದರು, ಹೌದೆಂದೋ ಬೇಡವೆಂದೋ ನನಗೆ ತಿಳಿಯಲಿಲ್ಲ. ಉತ್ತರ ಕರ್ನಾಟಕದ ಕಡೆ ಈ ‘ಹೋಗು’ ಹೀಗೇ ಕೇಳಿಸುವುದೇ? ಇನ್ನೂ ಹಳೆಯ, ಇನ್ನೂ ಚಿಕ್ಕ ಮಾತು ನಿಮ್ಮ ಮನೆಗಳಲ್ಲಿ ಇದೆಯೇ? ದಂಡಿಗೆ ಹೋದ ಅಜ್ಜನ ಬಗ್ಗೆ ನಿಮ್ಮ ಅಜ್ಜಿ ಯಾವ ಕ್ರಿಯಾಪದ ಬಳಸುತ್ತಿದ್ದರು? ಕರಡು ಅಚ್ಚಿಗೆ ಹೋಗುವುದು ತಿಂಗಳ ಕೊನೆಗೆ. ಅಷ್ಟರಲ್ಲಿ ತಿಳಿಸಿದರೆ ಉಪಕಾರವಾಗುತ್ತದೆ.